ಹೀರೆಬೀಜಕ್ಕೆ ನಾನು ಹಾಕಿದ ಬುನಾದಿ

ನಾನು ಕಟ್ಟಿದ್ದು ಯಾವುದೂ ಇದುವರೆಗೆ ಬಿದ್ದಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ದಾಖಲೆಯಲ್ಲಿರಲಿ ಎಂದು ಹೇಳುತ್ತಿದ್ದೇನೆ. ನಾಲ್ಕನೆಯ ಇಯತ್ತೆಯಲ್ಲಿ ಪಾಟಿ ಕೆಳಗಿಟ್ಟು ಕರಣಿ ಎತ್ತಿಕೊಂಡ ಗೌಂಡಿ ನಾನು. ಭೂಕಂಪವಾದ ಮೇಲೆ ನಿಲಂಗಾ ಕಡೆ ಹೊಸ ಊರುಗಳು ಎದ್ದಾಗ, ಬೆಳಗಿನಿಂದ ಸಂಜೆತನಕ ಗೋಡೆ ಎಬ್ಬಿಸಿದ್ದೇನೆ. ಹೀಗಿರುವಾಗ ಒಂದು ಹೀರೆಬಳ್ಳಿ ಎಬ್ಬಿಸುವುದು ಎಷ್ಟರ ಕೆಲಸ? ಅರ್ಧ ದಿನದ್ದು ಎಂದುಕೊಂಡೆ. ಊಟದ ಬಿಡುವು ಸೇರಿಸಿ!

ಹಳೆ ಊರಿನಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಹಿತ್ತಿಲು ಎಂಬ ಮಾತೇ ಇರಲಿಲ್ಲ. ಹೊಸ ಊರಿನಲ್ಲಿ ಪ್ರತಿ ಮನೆಯ ಸುತ್ತ ಜಾಗ ಬಿಟ್ಟಿದ್ದರು. ಅದನ್ನು ಏನು ಮಾಡಬೇಕೆಂದು ತಿಳಿಯದೆ ಮೊದಲೆರಡು ವರ್ಷ ಎಲ್ಲರೂ ಕಟ್ಟಿಗೆ ಒಟ್ಟಿದೆವು. ಮೂರನೆಯ ವರ್ಷ ಶಿವರಾತ್ರಿ ಮುಗಿದು ಬಿಸಿಲು ಏರುವ ಹೊತ್ತಿಗೆ ಊರಿಗೇ ತೋಟದ ಹುಚ್ಚು ಹಿಡಿಯಿತು. ದಾರಿಯಲ್ಲಿ ಸಿಕ್ಕವರು ಕ್ಷೇಮ ಕೇಳುವುದನ್ನು ಬಿಟ್ಟು "ಎಷ್ಟು ಎಲಿ ಆದವು?" ಎಂದು ಕೇಳತೊಡಗಿದರು. ಎದುರು ಮನೆಯ ಕಿರಾಣಿ ಅಂಗಡಿಯ ಶಿವಲಿಂಗಪ್ಪನವರಂತೂ ವಿಭೂತಿ ಹಚ್ಚಿಕೊಂಡ ಮೇಲೆ ಮೊದಲು ಬೆಂಡೆಗಿಡದ ದರ್ಶನ ಮಾಡುವರು, ಆಮೇಲೆ ಅಂಗಡಿಯ ಬೀಗ ತೆಗೆಯುವರು.

"ಮಿಸ್ತ್ರಿ, ನಮ್ಮ ಬೆಂಡಿ ನಾಕು ಎಲಿ ಬಿಟ್ಟದ ನೋಡ್ರಿ! ನಿಮ್ದು?"

"ನಮ್ದು ಇನ್ನಾ ನಕ್ಷಾದಾಗ ಅದ್ರಿ," ಎಂದೆ ಗಂಭೀರವಾಗಿ.

ನಮ್ಮ ಮನೆಯಲ್ಲಿದ್ದದ್ದು ಹನ್ನೊಂದು ಹೀರೆಬೀಜ. ಅವು ನನ್ನ ಹೆಂಡತಿ ಶಾಂತವ್ವನ ತವರಿನವು. ಆಕೆಯ ತಾಯಿ ಬೆಳೆಯುತ್ತಿದ್ದ ಹೀರೆ ಮೊಳಕೈ ಉದ್ದ. ಎಳೆಯದಿದ್ದಾಗ ಹಸಿಯಾಗಿಯೇ ತಿನ್ನಬಹುದು. ಭೂಕಂಪದಲ್ಲಿ ಆ ಮನೆಯೂ ಹೋಯಿತು, ಆ ತಾಯಿಯೂ ಹೋದಳು. ನಾವು ತಗಡಿನ ಶೆಡ್ಡಿನಲ್ಲಿದ್ದಾಗ ಶಾಂತವ್ವ ಅದೇ ಬಳ್ಳಿಯನ್ನು ತಗಡಿನ ಮೇಲೆ ಹಬ್ಬಿಸಿ ಬೀಜ ಉಳಿಸಿಕೊಂಡಿದ್ದಳು. ಇಲಿಗಳು ತಿಂದು ಉಳಿದದ್ದು ಹನ್ನೊಂದು. ಬೇರೆ ಯಾರ ಮನೆಯಲ್ಲೂ ಆ ಬೀಜ ಇರಲಿಲ್ಲ.

"ಇವು ಹೋದ್ವಂದ್ರ ನಮ್ಮವ್ವನ ಹೀರಿಕಾಯಿ ಹೋತ್ರಿ. ನಾನೇ ಹಾಕ್ತೀನಿ," ಎಂದಳು.

"ಮನ್ಯಾಗ ಮಿಸ್ತ್ರಿ ಇದ್ದಾಗ ನೀ ಯಾಕ?"

"ಮಿಸ್ತ್ರಿ ಇದ್ದಾರಂತಲೇ ಅಂಜಿಕಿ ಬರ್ಲತ್ತದ!"

ಆದರೆ ಅಷ್ಟರಲ್ಲಿ ವಲಾಂಡಿಯಲ್ಲಿ ಆಕೆಯ ತಂಗಿಯ ಮಗುವಿನ ತೊಟ್ಟಿಲ ಕಾರ್ಯ ಬಂತು. ಎರಡು ದಿನಕ್ಕೆಂದು ಹೊರಟಳು. "ಬೀಜಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಬಾಗಿಲಲ್ಲಿ ಒಮ್ಮೆ ಹೇಳಿದಳು, ಆಟೊ ಹತ್ತಿ ಇನ್ನೊಮ್ಮೆ ಹೇಳಿದಳು. ಬಂದು ನೋಡಿ ಬೆರಗಾಗಲಿ ಎಂದು ನಾನು ನಿರ್ಧರಿಸಿದೆ. ಆದಳು ಕೂಡ!

ಇಲ್ಲಿ ನಮ್ಮ ಕಸುಬಿನ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಎರೆಮಣ್ಣು ಗೌಂಡಿಗೆ ಹಗೆ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಜೊತೆಗೆ ಮೇಲಿನ ಗೋಡೆಯನ್ನೂ ಬಿರಿಸುತ್ತದೆ. ಆದ್ದರಿಂದ ಬಲ್ಲ ಗೌಂಡಿ ಮೊದಲು ಆ ಕರಿಮಣ್ಣನ್ನು ತೋಡಿ ಹೊರಗೆ ಚೆಲ್ಲುತ್ತಾನೆ. ಆ ಗುಂಡಿಗೆ ಕೆಂಪು ಮುರುಮು, ಅಂದರೆ ಗರಸು ಮಣ್ಣು, ತುಂಬಿ, ನೀರು ಹೊಡೆದು, ಕಲ್ಲಾಗುವಂತೆ ದಮ್ಮಸು ಹಾಕುತ್ತಾನೆ. ಬುನಾದಿ ಎಂದರೆ ಅದು. ನಾನು ಬಲ್ಲ ಗೌಂಡಿ. ಹೀರೆಬೀಜಕ್ಕೂ ಅದನ್ನೇ ಮಾಡಿದೆ.

ಎರೆಮಣ್ಣನ್ನೆಲ್ಲ ಬುಟ್ಟಿ ಬುಟ್ಟಿ ತುಂಬಿ ಹಿತ್ತಿಲ ಗೋಡೆಯಾಚೆ ಚೆಲ್ಲಿದೆ. ಗೋಡೆಯಾಚೆ ಕುರಿಗಾರ ಮಾಳಪ್ಪನ ಹಿತ್ತಿಲು. ಆತ ಹಿಕ್ಕೆ ಗುಡಿಸುತ್ತಿದ್ದವನು ತಲೆ ಎತ್ತಿ ನೋಡಿದ.

"ಮಿಸ್ತ್ರಿ, ಬಂಗಾರದಂಥ ಮಣ್ಣು ಯಾಕ ಒಗಿಲತ್ತಿ?"

"ಹೀರಿ ಹಾಕ್ಲತ್ತೀನಿ. ಈ ಮಣ್ಣು ಭರೋಸಾದ್ದಲ್ಲ."

"ಹೀರಿ ಹಾಕ್ತಿಯೋ, ಮನಿ ಕಟ್ತಿಯೋ?"

"ಎರಡಕ್ಕೂ ಪಾಯಾನೇ ಮುಖ್ಯ!"

ಮಾಳಪ್ಪ ನನ್ನನ್ನು ನೋಡಿದ, ತನ್ನ ಕುರಿಗಳನ್ನು ನೋಡಿದ, ಆಮೇಲೆ ತನ್ನ ದೇವರನ್ನು ನೆನೆದು "ಬೀರಪ್ಪಾ!" ಎಂದ. ಆಶೀರ್ವಾದವೆಂದು ತಿಳಿದೆ.

ದಮ್ಮಸು ಹಾಕಿದ ಮೇಲೆ ಪಾತಿ ಎಷ್ಟು ಗಟ್ಟಿಯಾಯಿತೆಂದರೆ ಬೆರಳು ಇಳಿಯಲಿಲ್ಲ. ಛೇಣಿ, ಸುತ್ತಿಗೆ ತಂದೆ. ದಾರ ಹಿಡಿದು, ಗೇಣು ಗೇಣಿಗೆ ಹನ್ನೊಂದು ತೂತು ಕೊರೆದೆ. ಬೀಜಗಳು ಅರ್ಧ ಒಳಗೆ, ಅರ್ಧ ಹೊರಗೆ ಕೂತವು. ಮೇಲೆ ಮುರುಮಿನ ಪುಡಿ ಉದುರಿಸಿ ಕರಣಿಯಿಂದ ನಯ ಮಾಡಿದೆ. ನೀರು ನಿಲ್ಲಬಾರದೆಂದು ಪಾತಿಗೆ ಗೋಡೆಯ ಕಡೆ ಒಳ್ಳೆಯ ಇಳಿಜಾರು ಕೊಟ್ಟೆ. ಗೋಡೆಯ ಬುಡದಲ್ಲಿ ಮಳೆನೀರು ಹೋಗಲು ನಾನೇ ಬಿಟ್ಟ ಕಿಂಡಿ ಇತ್ತು. ಹೊಸ ಕೆಲಸಕ್ಕೆ ಬಿಗುವು ಬರಬೇಕಾದರೆ ದಿನಕ್ಕೆ ಮೂರು ಸಲ ನೀರು ಹೊಡೆಯಬೇಕು. ಕೊಡವೆತ್ತಿ ಹೊಡೆದೆ. ಹೀಗೆ ಸಾಂಗವಾಗಿ ನೆರವೇರಿದ ಕಾಮಗಾರಿಯ ಮುಂದೆ ನಿಂತು ಬೀಡಿ ಹಚ್ಚಿದೆ.

ಮರುದಿನ ಶಾಂತವ್ವ ಬಂದಳು. ಹಿತ್ತಿಲಿಗೆ ಹೋದವಳು ಅಲ್ಲೇ ನಿಂತಳು.

"ಇದು ಯಾರ ಗದ್ದಿಗಿರಿ?"

"ಗದ್ದಿಗಿ ಅಲ್ಲ, ಹೀರಿ ಪಾತಿ."

"ನಾ ಹೂವು ಏರಿಸಬೇಕೇನೋ ಅನ್ಕೊಂಡೆ. ಕರಿಮಣ್ಣು ಎಲ್ಲದ?"

"ತಗದು ಒಗದೀನಿ."

ಆಕೆ ಮೆಲ್ಲಗೆ ಕಟ್ಟೆಯ ಮೇಲೆ ಕೂತಳು. "ಬೀಜ?"

"ಒಳಗ ಅದಾವ. ಹನ್ನೊಂದೂ. ಒಂದೇ ಸೂತ್ರದಾಗ!"

ಕೆದಕಿದರೆ ಮೊಳಕೆ ಮುರಿದೀತೆಂದು ಆಕೆ ಮುಟ್ಟಲಿಲ್ಲ. ಕಾದಳು. ನಾನೂ ಕಾದೆ, ಮೂರು ಹೊತ್ತು ನೀರು ಹೊಡೆಯುತ್ತ. ಎದುರು ಮನೆಯಿಂದ ವರದಿಗಳು ಬರುತ್ತಲೇ ಇದ್ದವು. ಬೆಂಡೆ ಆರು ಎಲೆ. ಬೆಂಡೆ ಎಂಟು ಎಲೆ. ನಮ್ಮದು? ಸೊನ್ನೆ ಎಲೆ, ಆದರೆ ಪಾತಿಯಲ್ಲಿ ಒಂದು ಬಿರುಕಿಲ್ಲ!

ಹತ್ತನೆಯ ದಿನ ಶಾಂತವ್ವ ಹಳೆಯ ಸೌಟು ಹಿಡಿದು ಬಂದು ಮೊದಲನೆಯ ತೂತು ಕೆದಕಿದಳು. ಬೀಜವಿಲ್ಲ. ಎರಡನೆಯದು, ಇಲ್ಲ. ಹನ್ನೊಂದನೆಯದರ ತನಕ ಕೆದಕಿದಳು. ಒಂದೂ ಇಲ್ಲ.

"ಯಾರೋ ಕದ್ದಾರ!" ಎಂದೆ.

ಆಕೆ ಬೈಯಲಿಲ್ಲ. ಬೈದಿದ್ದರೆ ನನಗೆ ಅಭ್ಯಾಸವಿತ್ತು. ಬೀಜ ಕಟ್ಟಿಟ್ಟಿದ್ದ ಬಟ್ಟೆಯ ಚೂರನ್ನು ಒಗೆದು, ಒಣಗಿಸಿ, ನಾಲ್ಕು ಮಡಿಕೆ ಮಾಡಿ ಪೆಟ್ಟಿಗೆಯಲ್ಲಿಟ್ಟಳು. ಅಷ್ಟೇ. ಮರುದಿನ ನಾನು ಕೆಲಸ ಬಿಟ್ಟು ಔರಾದ ಶಹಾಜನಿಯ ಸಂತೆಗೆ ಹೋದೆ. ಬೀಜ ಮಾರುವವರ ಮುಂದೆ ಕೂತು "ಮೊಳಕೈ ಉದ್ದದ್ದು, ಹಸೀದೇ ತಿನ್ನುವಂಥಾದ್ದು" ಎಂದು ಕನ್ನಡದಲ್ಲಿ ಕೇಳಿದೆ, ಮರಾಠಿಯಲ್ಲಿ ಕೇಳಿದೆ. ಮೂರು ಪೊಟ್ಟಣ ತಂದೆ. ಶಾಂತವ್ವ ಕೈಗೆ ತೆಗೆದುಕೊಂಡು ಮೂಸಿ ನೋಡಿದಳು.

"ಇವೂ ಹೀರಿನೇ," ಎಂದಳು. "ಹಾಕೋಣಂತ್ರಿ."

ಇದಕ್ಕಿಂತ ಆಕೆ ಸೌಟು ಎಸೆದಿದ್ದರೆ ಚೆನ್ನಾಗಿತ್ತು.

ಎರಡು ದಿನ ಬಿಟ್ಟು ಸಂಜೆ ಕೈಕಾಲು ತೊಳೆಯುತ್ತಿದ್ದೆ. ಗೋಡೆಯಾಚೆಯಿಂದ ಮಾಳಪ್ಪನ ಕೂಗು ಕೇಳಿತು.

"ಮಿಸ್ತ್ರಿ! ಏ ಮಿಸ್ತ್ರಿ! ನಿನ್ನ ಕಿಂಡಿ ಬಾಯಾಗ ಏನೋ ಎದ್ದಾವ. ನಿನ್ನ ಹೀರಿ ಅನಸ್ತದ. ಜಲ್ದಿ ಬಾ, ಮರಿ ತಿನ್ಲತ್ತಾವ!"

ಎಲ್ಲವೂ ಒಮ್ಮೆಲೇ ತಲೆಗೆ ಹೊಳೆಯಿತು. ನಾನು ಹೊಡೆದ ನೀರು, ನಾನು ಕೊಟ್ಟ ಇಳಿಜಾರು, ನಾನು ಬಿಟ್ಟ ಕಿಂಡಿ! ಬೀಜಗಳು ನೀರಿನ ಜೊತೆ ತೇಲಿ ಹೋಗಿ, ನಾನೇ ಚೆಲ್ಲಿದ ಎರೆಮಣ್ಣಿನಲ್ಲಿ, ಕುರಿಹಿಕ್ಕೆಯ ನಡುವೆ ಸುಖವಾಗಿ ಇಳಿದುಕೊಂಡಿದ್ದವು. ಗೋಡೆ ಹತ್ತಿ ಹಾರಿದೆ. ಗೋಡೆ ಅಷ್ಟು ಎತ್ತರ ಕಟ್ಟಬಾರದಿತ್ತೆಂದು ಗಾಳಿಯಲ್ಲಿದ್ದಾಗ ಅನಿಸಿತು. ಹಿಕ್ಕೆಯ ಗುಂಪೆಯಲ್ಲಿ ಮುಖ ಕೆಳಗಾಗಿ ಬಿದ್ದು ಕಣ್ಣು ತೆರೆದರೆ ಎದುರಿಗೇ ಐದು ಸಸಿ! ದಪ್ಪ ದಪ್ಪ ಜೋಡಿ ಎಲೆ. ಪಕ್ಕದಲ್ಲಿ ಒಂದು ಕುರಿಮರಿ. ನಾನು ನೋಡುತ್ತಿದ್ದಂತೆ ಐದು ನಾಲ್ಕಾಯಿತು.

ನಾನು ಏಳುವಷ್ಟರಲ್ಲಿ ಶಾಂತವ್ವ ಅಲ್ಲಿದ್ದಳು. ಗೇಟಿನಿಂದ ಬಂದಿದ್ದಳು. ಗೇಟು ತೆರೆದೇ ಇತ್ತು.

ಮಂಡಿಯೂರಿ ಕೂತು ಒಂದು ಎಲೆಯನ್ನು ಬೆರಳ ತುದಿಯಿಂದ ಮುಟ್ಟಿದಳು. "ನಮ್ಮವ್ವಂದೇ," ಎಂದಳು. ಆಕೆಯ ಮುಖ ನೋಡಿ ನನಗೆ ಮತ್ತೆ ಹುರುಪು ಬಂತು.

"ಇವನ್ನ ಕಿತ್ತು ನಮ್ಮ ಪಾತಿಗೆ ಒಯ್ಯೂಣು! ಕರಣಿ ತರ್ತೀನಿ!"

"ಬ್ಯಾಡ!" ಎಂದರು ಇಬ್ಬರೂ ಒಟ್ಟಿಗೆ. ಕುರಿಮರಿಯೂ ಏನೋ ಅಂದಿತು.

"ಸುತ್ತ ಒಂದು ಸಣ್ಣ ಗೋಡಿ...?"

"ನಿಮ್ಮ ಕಾಲು ಹಿಡೀತೀನ್ರಿ," ಎಂದಳು ಶಾಂತವ್ವ, "ಏನೂ ಕಟ್ಟಬ್ಯಾಡ್ರಿ. ಸಂಜಿಗಿ ಮಾಳಪ್ಪಣ್ಣ ಮರಿ ಬಿಡೂ ಹೊತ್ತಿಗಿ ಬಂದು ಇಲ್ಲಿ ಕುಂದರ್ರಿ. ಮರಿ ಬಂದ್ರ ಹುಶ್ ಅನ್ರಿ. ಮತ್ತೇನೂ ಮಾಡಬ್ಯಾಡ್ರಿ."

ಹೀಗೆ, ಕಂಡ ಕಂಡವರಿಂದ ಮಿಸ್ತ್ರಿ ಎನ್ನಿಸಿಕೊಂಡ ನಾನು ದಿನಾ ಸಂಜೆ ಮಾಳಪ್ಪನ ಹಿತ್ತಿಲಲ್ಲಿ ಬುಟ್ಟಿ ಬೋರಲು ಹಾಕಿ ಕೂತು ಕುರಿಮರಿಗಳಿಗೆ ಹುಶ್ ಎಂದೆ. ನನ್ನ ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿಲ್ಲ. ಕೈಗಳು ತಾವಾಗಿಯೇ ಎದ್ದು ಏನಾದರೂ ಮಾಡಲು ಹೊರಡುತ್ತಿದ್ದವು. ಒಂದರ ಮೇಲೊಂದು ಒತ್ತಿಹಿಡಿದು ಕೂತೆ!

ಬಳ್ಳಿ ಗೋಡೆ ಹತ್ತಿ ನಮ್ಮ ಕಡೆಗೂ ಇಳಿಯಿತು. ಕಾಯಿ ಬಿಟ್ಟಿತು, ಮೊಳಕೈ ಉದ್ದದ ಕಾಯಿ. ಮಾಳಪ್ಪನ ಮನೆಯಲ್ಲೂ ಪಲ್ಯ, ನಮ್ಮ ಮನೆಯಲ್ಲೂ ಪಲ್ಯ. ದೊಡ್ಡದೊಂದನ್ನು ಬೀಜಕ್ಕೆಂದು ಶಾಂತವ್ವ ಬಳ್ಳಿಯಲ್ಲೇ ಬಿಟ್ಟಳು. ಕೊನೆಗೆ ಶಿವಲಿಂಗಪ್ಪನವರೂ ನೋಡಲು ಬಂದರು. ಸುತ್ತ ಹತ್ತು ಜನ ನಿಂತಿದ್ದರು.

"ಅಬಬಬಾ! ಇಂಥಾ ಹೀರಿ ಯಾರು ಬೆಳಸ್ಯಾರ್ರೀ ಇಲ್ಲಿ?"

ನಾನು ಅಂಗಿಯ ಗುಂಡಿ ಹಾಕಿಕೊಂಡು ಒಂದು ಹೆಜ್ಜೆ ಮುಂದೆ ಬಂದೆ.

"ಯಾರೂ ಬೆಳಸಿಲ್ರಿ, ಅಣ್ಣಾರ," ಎಂದಳು ಶಾಂತವ್ವ, ನನ್ನತ್ತ ತಿರುಗಿ, ಬಹಳ ಪ್ರೀತಿಯಿಂದ. "ಇವ್ರು ಸುಮ್ಮ ಕುಂತ್ರು. ಅದು ಬೆಳೀತು."