ಬೆಟ್ಟದ ಸೈಕಲ್ಲು ಮತ್ತು ಎರಡೂವರೆ ಇಂಚು

ಐವತ್ತು ದಾಟಿದ ಗಂಡಸರಿಗೆ ಏನೇನೋ ಬರುತ್ತದೆ ಅಂತ ಕೇಳಿದ್ದೆ. ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಮಂಡಿನೋವು, ಕೆಲವರಿಗೆ ವೈರಾಗ್ಯ. ನಮ್ಮೆಜಮಾನರಿಗೆ ಮೌಂಟನ್ ಬೈಕ್ ಬಂತು. ವೈರಾಗ್ಯವೇ ಬಂದಿದ್ದರೆ ವರಾಂಡದಲ್ಲಿ ಜಾಗವಾದರೂ ಉಳಿಯುತ್ತಿತ್ತು.

ಮೌಂಟನ್ ಬೈಕ್ ಅಂದರೆ ಮೋಟಾರ್ ಬೈಕಲ್ಲ, ಸೈಕಲ್ಲು. ಗುಡ್ಡದ ಕಾಲುದಾರಿಯಲ್ಲಿ ಕಲ್ಲು, ಬೇರು, ಹಳ್ಳ ಹಾರಿಸಿಕೊಂಡು ಹೋಗಲೆಂದು ಮಾಡಿದ ದಪ್ಪ ಟೈರಿನ ಸೈಕಲ್ಲು. ನಮ್ಮವರು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ತೂಗುವ ಕೌಂಟರಿನ ಹಿಂದೆ ಇಪ್ಪತ್ತೈದು ವರ್ಷದಿಂದ ಕೂತಿದ್ದಾರೆ. ಅವರು ಈವರೆಗೆ ದಾಟಿದ ಅತಿ ದುರ್ಗಮ ಪ್ರದೇಶವೆಂದರೆ ನಮ್ಮ ಬಚ್ಚಲುಮನೆಯ ಹೊಸ್ತಿಲು. (ಅಲ್ಲೂ ಎರಡು ಸಲ ಎಡವಿದ್ದಾರೆ.) ಅಂಥವರು ಒಂದು ಭಾನುವಾರ ಕಚೇರಿಯ ಗೆಳೆಯರ ಜೊತೆ ಎರವಲು ಸೈಕಲ್ಲಿನಲ್ಲಿ ಊರಾಚೆಯ ಕಲ್ಲುಗಣಿಯ ಹಿಂದಿನ ಗುಡ್ಡಕ್ಕೆ ಹೋಗಿಬಂದರು. ಬಂದವರು ಕೈಕಾಲು ಕೂಡ ತೊಳೆಯದೆ ತಮ್ಮ ಹೈಸ್ಕೂಲಿನ ಕಾಲದ ಕಂಪಾಸ್ ಪೆಟ್ಟಿಗೆ ಹುಡುಕತೊಡಗಿದರು.

ಮುಂದಿನ ಒಂದು ತಿಂಗಳು ನಮ್ಮ ಊಟದ ಮೇಜಿನ ಮೇಲೆ ಕೋನಮಾಪಕವಿಲ್ಲದೆ ತಟ್ಟೆ ಇಟ್ಟವರಿಲ್ಲ.

"ಹೆಡ್ ಆಂಗಲ್ ಅರವತ್ತೈದು ಡಿಗ್ರಿ ತಗೊಳ್ಳೋದಾ, ಅರವತ್ತಾರು ತಗೊಳ್ಳೋದಾ ಅಂತ ಯೋಚಿಸ್ತಿದ್ದೀನಿ ಕಣೇ."

"ಹಾಗಂದ್ರೆ?"

"ಮುಂದಿನ ಫೋರ್ಕು ಎಷ್ಟು ವಾರೆಯಾಗಿರಬೇಕು ಅಂತ. ಡಿಗ್ರಿ ಕಡಿಮೆಯಾದಷ್ಟೂ ಮುಂದಿನ ಚಕ್ರ ದೂರ ಇರುತ್ತೆ. ಇಳಿಜಾರಲ್ಲಿ ಧೈರ್ಯ ಬರುತ್ತೆ."

"ಒಂದು ಡಿಗ್ರಿಗೆ ಬರೋ ಧೈರ್ಯದಲ್ಲಿ ನಿಮ್ಮ ಸಾಹೇಬರ ಹತ್ರ ಎರಡು ದಿನ ರಜೆ ಕೇಳಿ ನೋಡೋಣ."

ಮಾರನೆಯ ದಿನ ಸಸ್ಪೆನ್ಷನ್ ಪರ್ವ ಶುರುವಾಯಿತು. ಕುಲುಕಾಟ ನುಂಗುವ ಶಾಕ್ ಮುಂದೆ ಮಾತ್ರ ಇರುವುದೋ, ಹಿಂದೆ ಮುಂದೆ ಎರಡೂ ಕಡೆ ಇರುವುದೋ? ಅದು ಕುಗ್ಗಬೇಕಾದದ್ದು ನೂರಮೂವತ್ತು ಮಿಲಿಮೀಟರೋ, ನೂರನಲವತ್ತೋ? ಕೂತ ತಕ್ಷಣ ಅದು ಸುಮಾರು ಮೂರನೇ ಒಂದು ಭಾಗ ಕುಸಿಯಬೇಕಂತೆ. ಅದಕ್ಕೆ 'ಸ್ಯಾಗ್' ಅನ್ನುತ್ತಾರಂತೆ. ಅದನ್ನು ಹೊಂದಿಸಲು ಸವಾರನ ನಿಖರ ತೂಕ ಬೇಕು ಅಂತ ಈ ಪುಣ್ಯಾತ್ಮ ಹೆಲ್ಮೆಟ್ಟು, ಬೂಟು, ನೀರಿನ ಬಾಟಲಿ ಸಮೇತ ಪಾರ್ಸೆಲ್ ತಕ್ಕಡಿ ಹತ್ತಿ ನಿಂತರು. ಆ ಹೊತ್ತಿಗೆ ಸರಿಯಾಗಿ ಮೇಲಧಿಕಾರಿ ಬಂದರಂತೆ. "ಎಲ್ಲಿಗೆ ಬುಕ್ ಮಾಡ್ತಿದ್ದೀರಿ?" ಅಂತ ಕೇಳಿದರಂತೆ. ನನ್ನನ್ನು ಕೇಳಿದ್ದರೆ ವಿಳಾಸ ಬರೆದುಕೊಡುತ್ತಿದ್ದೆ.

"ಕುಸಿಯೋದೇ ಬೇಕಿದ್ರೆ ಹಾಲ್‌ನಲ್ಲಿ ಸೋಫಾ ಇದೆಯಲ್ಲ ರೀ. ನೀವು ಕೂತೂ ಕೂತೂ ಅದು ಪೂರ್ತಿ ಸ್ಯಾಗಾಗಿದೆ," ಅಂದೆ.

ಒಳಕೋಣೆಯಿಂದ ಅತ್ತೆ ಕಿಸಕ್ಕನೆ ನಕ್ಕರು. ಅತ್ತೆ ಮಾತು ಕಡಿಮೆಯ ಹೆಂಗಸು. ಮನೆಯ ಬಟ್ಟೆ ಒಗೆಯುವುದು, ಇಸ್ತ್ರಿ ಮಾಡುವುದು, ಮಡಿಸಿಡುವುದು ಎಲ್ಲ ಅವರದೇ ಖಾತೆ. ಆಗಾಗ ಸೂಜಿ ಹಿಡಿದು ಬಂದು, "ಕಣ್ಣು ಕಾಣಲ್ಲ, ಒಂದಿಷ್ಟು ದಾರ ಪೋಣಿಸಿಕೊಡಮ್ಮ" ಅನ್ನುವುದು ಬಿಟ್ಟರೆ ಅವರಿಂದ ನನಗೆ ಒಂದು ಉಪದ್ರವವೂ ಇಲ್ಲ. ಒಮ್ಮೆ ಕಪ್ಪು ದಾರ, ಒಮ್ಮೆ ಬೂದು, ಒಮ್ಮೆ ಕಂದು. ಏನು ಹೊಲಿಯುತ್ತಾರೋ ನಾನು ಕೇಳಿದವಳಲ್ಲ. ವಯಸ್ಸಾದವರು ಏನೋ ಒಂದು ಚಿಂದಿ ಹೊಲಿದುಕೊಂಡು ಕಾಲ ಕಳೆಯಲಿ ಬಿಡಿ ಅಂತ ಉದಾರವಾಗಿ ಪೋಣಿಸಿಕೊಡುತ್ತಿದ್ದೆ.

ಈಗ ನನ್ನ ವಿಷಯ ಹೇಳಬೇಕು. ನಾನು ಟೈಲರ್. ಸಾಮಾನ್ಯ ಟೈಲರಲ್ಲ. ಅಂಗಡಿಯ ಬಾಗಿಲ ಮೇಲೆ ಎರಡಡಿ ಉದ್ದದ ಬೋರ್ಡಿದೆ: 'ಟೇಪು ಮುಟ್ಟದೆ ಅಳತೆ'. ಗಿರಾಕಿ ಮೆಟ್ಟಿಲು ಹತ್ತಿ ಒಳಗೆ ಬರುವಷ್ಟರಲ್ಲಿ ಅವರ ಸೊಂಟ, ತೋಳು, ಕಾಲು ಎಲ್ಲ ನನ್ನ ಕಣ್ಣಲ್ಲಿ ದಾಖಲಾಗಿರುತ್ತದೆ. ಪಕ್ಕದ ಬೀದಿಯಲ್ಲಿ ಇನ್ನೊಬ್ಬ ಟೈಲರ್ ಇದ್ದಾನೆ. ಒಂದು ತೋಳಿಗೆ ಮೂರು ಸಲ ಟೇಪು ಹಿಡಿಯುತ್ತಾನೆ. ಅವನಿಗೆ ಟೇಪಪ್ಪ ಅಂತ ಹೆಸರಿಟ್ಟವಳು ನಾನೇ. ಹೆಸರು ಎಷ್ಟು ಚೆನ್ನಾಗಿ ಅಂಟಿಕೊಂಡಿತೆಂದರೆ ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ.

ಕೊನೆಗೊಂದು ಶನಿವಾರ ನಮ್ಮವರು ನನ್ನನ್ನೂ ಸೈಕಲ್ ಅಂಗಡಿಗೆ ಎಳೆದುಕೊಂಡು ಹೋದರು. ಅಂಗಡಿಯವನು ಗಡ್ಡ ಬಿಟ್ಟ ಯುವಕ. ಮಾತೆತ್ತಿದರೆ ಶಾಕು, ಸ್ಪ್ರಿಂಗು, ಡ್ಯಾಂಪಿಂಗು. ಮನಸ್ಸಿನಲ್ಲೇ ಅವನಿಗೆ ಸಸ್ಪೆನ್ಷನ್ ಶಾಸ್ತ್ರಿ ಎಂದು ನಾಮಕರಣ ಮಾಡಿದೆ. ಅವನೂ ಇವರೂ ಸೇರಿ ಒಂದೂವರೆ ಗಂಟೆ ಚರ್ಚಿಸಿ, ಅರವತ್ತೈದೂವರೆ ಡಿಗ್ರಿ, ಎರಡೂ ಕಡೆ ಶಾಕ್, ಮುಂದೆ ನೂರನಲವತ್ತು ಅಂತ ತೀರ್ಮಾನಿಸಿದರು. ಅಷ್ಟು ಹೊತ್ತಿನಲ್ಲಿ ನಾನು ಎರಡು ಕೋಟು ಕತ್ತರಿಸುತ್ತಿದ್ದೆ.

"ಕೊನೇದಾಗಿ ಫ್ರೇಮ್ ಸೈಜ್ ಸಾರ್," ಅಂದ ಶಾಸ್ತ್ರಿ. "ಇದು ತಪ್ಪಿದ್ರೆ ಮಿಕ್ಕಿದ್ದೆಲ್ಲ ದಂಡ. ಆರ್ಡರ್ ಮಾಡಿ ತರಿಸಿದ ಮೇಲೆ ವಾಪಸ್ ತಗೊಳ್ಳಲ್ಲ. ಬೂಟು ಬಿಚ್ಚಿ, ಗೋಡೆಗೆ ಒರಗಿ ನಿಂತ್ಕೊಂಡು, ಈ ಪುಸ್ತಕಾನ ಕಾಲುಗಳ ಮಧ್ಯೆ ಮೇಲಿನವರೆಗೂ ಒತ್ತಿ ಹಿಡ್ಕೊಳ್ಳಿ. ಒಳಗಾಲಿನ ಅಳತೆ ತಗೊಳ್ತೀನಿ."

ಅಂಚೆ ಇಲಾಖೆಯ ಹಿರಿಯ ನೌಕರರೊಬ್ಬರು ನಾಲ್ಕು ಜನರೆದುರು ಕಾಲ ಸಂದಿಯಲ್ಲಿ ಪುಸ್ತಕ ಸಿಕ್ಕಿಸಿಕೊಂಡು ನಿಲ್ಲುವುದು! ಅದೂ ನಾನು ಪಕ್ಕದಲ್ಲಿ ಜೀವಂತವಾಗಿ ಇರುವಾಗ!

"ಆ ಪುಸ್ತಕ ಕಪಾಟಲ್ಲಿಡಪ್ಪ," ಅಂದೆ. "ಮೂವತ್ತೆರಡೂವರೆ. ಬರ್ಕೋ."

"ಅಕ್ಕ, ಒಂದ್ಸಲ ಟೇಪು ಹಿಡಿದ್ರೆ..."

"ಇಪ್ಪತ್ಮೂರು ವರ್ಷದಿಂದ ಇವರು ನಾನು ಹೊಲಿದ ಪ್ಯಾಂಟು ಬಿಟ್ಟು ಬೇರೆ ಹಾಕಿಲ್ಲ. ಆ ಪ್ಯಾಂಟು ಒಂದು ದಿನ ನೆಲ ಗುಡಿಸಿಲ್ಲ, ಒಂದು ದಿನ ಕಾಲಿನ ಗಂಟು ಕಂಡಿಲ್ಲ."

"ಹೌದಪ್ಪ," ಅಂದರು ನಮ್ಮವರು ಹೆಮ್ಮೆಯಿಂದ. "ಇವಳ ಕಣ್ಣು ತಪ್ಪೋದೇ ಇಲ್ಲ."

ಆಗ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು. ತಿರುಗಿದರೆ ಟೇಪಪ್ಪ. ಪಂಕ್ಚರ್ ಹಾಕಿಸಲು ಬಂದು ಸ್ಟೂಲಿನ ಮೇಲೆ ಕೂತಿದ್ದ. "ಅಳತೆ ಅಂದ್ಮೇಲೆ ಟೇಪು ಹಿಡಿಯೋದು ಒಳ್ಳೇದಲ್ವಾ ಅಕ್ಕ?" ಅಂದ, ತುಂಬಾ ವಿನಯದಿಂದ. ಆ ವಿನಯವೇ ನನ್ನ ಮೈ ಉರಿಸಿದ್ದು.

"ಅರ್ಧ ಇಂಚು ತಪ್ಪಿದ್ರೂ ನಾನು ಬೋರ್ಡು ಇಳಿಸ್ತೀನಿ! ನೀನೇ ಬಂದು ನಿಂತು ನೋಡು!" ಅಂದುಬಿಟ್ಟೆ.

ಮೂರು ವಾರಕ್ಕೆ ಸೈಕಲ್ಲು ಬಂತು. ಕಡುಹಸಿರು ಬಣ್ಣ, ನೋಡಲು ಲಕ್ಷಣವಾಗಿತ್ತು, ಸುಳ್ಳೇಕೆ ಹೇಳಲಿ. ಭಾನುವಾರ ಬೆಳಿಗ್ಗೆ ಶಾಸ್ತ್ರಿಯೇ ಅದನ್ನು ಗುಡ್ಡದ ಬುಡಕ್ಕೆ ತಂದ. ನಾನೂ ಹೋದೆ. ಪ್ರೋತ್ಸಾಹಿಸಲು ಅಂತ ಎಲ್ಲರಿಗೂ ಹೇಳಿದ್ದೆ. ನಿಜವಾಗಿ ಹೋದದ್ದು ಇವರು ಬೀಳುವುದನ್ನು ನೋಡಲು. ಶಾಸ್ತ್ರಿ ಹಿಡಿದುಕೊಂಡ, ಇವರು ಒಂದು ಕಲ್ಲಿನ ಮೇಲಿಂದ ಸೈಕಲ್ ಹತ್ತಿದರು, ಹೊರಟರು. ಹ್ಯಾಂಡಲ್ ಹಿಡಿಯಲು ಬಟ್ಟೆ ಒಣಹಾಕುವವರ ಹಾಗೆ ಮುಂದಕ್ಕೆ ಚಾಚಿಕೊಂಡಿದ್ದರು. ಇಳಿಜಾರಿನಲ್ಲಿ ಅರವತ್ತೈದೂವರೆ ಡಿಗ್ರಿಯ ಧೈರ್ಯ ಚೆನ್ನಾಗಿಯೇ ಕೆಲಸ ಮಾಡಿತು. ತೊಂದರೆ ಬಂದದ್ದು ನಿಲ್ಲಿಸಿದಾಗ. ಸೀಟನ್ನು ಪೂರ್ತಿ ಕೆಳಗಿಳಿಸಿದ್ದರೂ ಬಲಗಾಲು ನೆಲ ಹುಡುಕುತ್ತಾ ಗಾಳಿಯಲ್ಲಿ ಆಡತೊಡಗಿತು.

"ನೆಲ ಸಿಗ್ತಿಲ್ಲ ಕಣೇ!"

"ಅಲ್ಲೇ ಇದೆ ರೀ, ಕಾಲು ಬಿಡ್ರೀ!"

ಬಿಟ್ಟರು. ಕಾಲಲ್ಲ, ಹ್ಯಾಂಡಲ್ಲು. ಸೈಕಲ್ಲೂ ಇವರೂ ಒಂದು ಪೊದೆಯೊಳಗೆ, ಯಾವ ಅವಸರವೂ ಇಲ್ಲದೆ, ಒರಗಿಕೊಂಡರು. ಏಟೇನೂ ಆಗಲಿಲ್ಲ. ನಾನು ಮನಸಾರೆ ನಕ್ಕೆ. ನಗುತ್ತಲೇ ಎಬ್ಬಿಸಲು ಹೋದೆ. ಶಾಸ್ತ್ರಿ ಅಷ್ಟರಲ್ಲಿ ಚೀಲದಿಂದ ಟೇಪು ತೆಗೆದು, ಹೇಳದೆ ಕೇಳದೆ ಇವರ ಒಳಗಾಲಿಗೆ ಹಿಡಿದಿದ್ದ.

"ಅಕ್ಕ, ಮೂವತ್ತು."

"ನಿನ್ನ ಟೇಪು ಸರಿಯಿಲ್ಲ."

"ಹಾಗಾದ್ರೆ ಅದೇನು?" ಅಂತ ಇವರ ಕಾಲು ತೋರಿಸಿದ.

ಪ್ಯಾಂಟಿನ ಬಲಗಾಲಿನ ಅಂಚು ಚೈನಿಗೆ ಸಿಕ್ಕಿ ಹೊಲಿಗೆ ಬಿಚ್ಚಿಕೊಂಡಿತ್ತು. ಒಳಗೆ ಮಡಿಸಿಟ್ಟಿದ್ದ ಬಟ್ಟೆ ಕೆಳಗೆ ಬಿದ್ದು ಬೂಟನ್ನು ಪೂರ್ತಿ ಮುಚ್ಚಿತ್ತು. ಬಿಸಿಲು ಕಾಣದ, ಬಣ್ಣ ಮಾಸದ, ಎರಡೂವರೆ ಇಂಚಿನ ಬಟ್ಟೆ. ಅಂಚಿನಲ್ಲಿ ಸಣ್ಣ ಸಣ್ಣ ಕೈಹೊಲಿಗೆ. ನನ್ನ ಹೊಲಿಗೆ ಅಲ್ಲ!

"ಯಾರ ಹತ್ರ ಹೊಲಿಸಿದ್ರಿ? ಟೇಪಪ್ಪನ ಹತ್ರಾನಾ?"

"ನನಗೇನೂ ಗೊತ್ತಿಲ್ಲ ಕಣೇ! ಬೀರುವಿಂದ ತೆಗೀತೀನಿ, ಹಾಕ್ಕೋತೀನಿ. ಸರಿಯಾಗಿರುತ್ತೆ!"

ಆ ಮನುಷ್ಯನ ಮುಖ ನೋಡಿದರೆ ಸುಳ್ಳು ಹೇಳುವಷ್ಟು ಬುದ್ಧಿ ಅಲ್ಲಿರಲಿಲ್ಲ. ಬೀರು ಅಂದ ಕೂಡಲೇ ನನಗೆ ಕಪ್ಪು, ಬೂದು, ಕಂದು ದಾರಗಳೆಲ್ಲ ಒಟ್ಟಿಗೆ ನೆನಪಾದವು. ಮನೆಗೆ ಹೋದವಳೇ ಪ್ಯಾಂಟನ್ನು ಅತ್ತೆಯ ಮುಂದೆ ಹಿಡಿದೆ. ಅವರು ಕನ್ನಡಕ ಏರಿಸಿ ನೋಡಿದರು.

"ಅಯ್ಯೋ, ಬಿಚ್ಚಿಹೋಯ್ತಾ? ಕೊಡು, ಹಾಕಿಕೊಡ್ತೀನಿ. ದಾರ ಪೋಣಿಸು."

"ಅತ್ತೆ! ಎಷ್ಟು ವರ್ಷದಿಂದ?"

"ಮೊದಲನೇ ಪ್ಯಾಂಟಿಂದ. ಹೊಸ ಸೊಸೆ, ಆಸೆಯಿಂದ ಹೊಲಿದಿದ್ದೀಯ, ಉದ್ದ ಆಯ್ತು ಅಂದ್ರೆ ನೊಂದ್ಕೋತೀಯ ಅಂತ ರಾತ್ರೋರಾತ್ರಿ ಮಡಿಸಿ ಹೊಲಿದಿಟ್ಟೆ. ಎರಡನೇದಕ್ಕೆ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ನೀನು ಬೋರ್ಡು ಹಾಕಿಬಿಟ್ಟೆ."

"ಊರವರ ಪ್ಯಾಂಟೆಲ್ಲ ಸರಿಯಾಗಿರುತ್ತಲ್ಲ!"

"ಊರವರನ್ನೆಲ್ಲ ನೀನು ಸರಿಯಾಗೇ ಅಳೀತೀಯ ಕಣಮ್ಮ. ಇವನನ್ನ ಕಂಡ್ರೆ ಮಾತ್ರ ನಿನ್ನ ಕಣ್ಣಿಗೆ ಎರಡೂವರೆ ಇಂಚು ಜಾಸ್ತಿ ಎತ್ತರ ಕಾಣ್ತಾನೆ. ಅದಕ್ಕೆ ನಾನೇನು ಮಾಡ್ಲಿ?"

ಇಪ್ಪತ್ಮೂರು ವರ್ಷ ಈ ಮನುಷ್ಯನನ್ನು ಹಗಲೂ ಇರುಳೂ ಹಂಗಿಸಿ, ಮೂದಲಿಸಿ, ಬಹಳ ಕಷ್ಟಪಟ್ಟು ಕಟ್ಟಿಕೊಂಡ ನನ್ನ ಘನತೆ ಒಂದೇ ಮಾತಿಗೆ ಮಣ್ಣುಪಾಲಾಯಿತು. ನನ್ನ ಮುಖ ಬಿಸಿಯಾಯಿತು. ನಾಚಿಕೆಯೇ ಅದು, ಒಪ್ಪಿಕೊಳ್ಳುತ್ತೇನೆ. ಬೋರ್ಡು ಹೋದರೆ ಹೋಗಲಿ ಅನ್ನಿಸಿತು. ಇವರು ಬಾಗಿಲಲ್ಲಿ ನಿಂತು, ತಲೆಗೂದಲಲ್ಲಿ ಪೊದೆಯ ಎಲೆ ಸಿಕ್ಕಿಸಿಕೊಂಡು, ಕಿವಿಯಿಂದ ಕಿವಿಗೆ ನಗುತ್ತಿದ್ದರಲ್ಲ, ಅದನ್ನು ಸಹಿಸಲಾಗಲಿಲ್ಲ. ಎದೆಯುಬ್ಬಿಸಿ ನಿಂತಿದ್ದರು ಬೇರೆ. ಆ ಕ್ಷಣಕ್ಕೂ, ದೇವರಾಣೆ, ನನ್ನ ಕಣ್ಣಿಗೆ ಮೂವತ್ತೆರಡೂವರೆಯೇ ಕಂಡಿತು.

ಸೋಮವಾರ ಬೋರ್ಡು ಇಳಿಸಿದೆ. ಟೇಪಪ್ಪ ಬಂದು ನಿಂತು ನೋಡಿದ, ಏಣಿಯನ್ನೂ ಹಿಡಿದುಕೊಂಡ. ಹೋಗುವಾಗ ಹೊಸ ಟೇಪೊಂದನ್ನು ಮೇಜಿನ ಮೇಲಿಟ್ಟು, "ಇರ್ಲಿ ಅಕ್ಕ" ಅಂದ. ಅದಕ್ಕೂ ವಿನಯ!

ಸೈಕಲ್ಲಿನ ಗತಿ? ಅದು ವಾಪಸ್ ಹೋಗುವಂತಿರಲಿಲ್ಲ. ಮನೆಯಲ್ಲಿ ಮೂವತ್ತೆರಡೂವರೆ ಇಂಚಿನ ಕಾಲಿರುವುದು ಒಬ್ಬರಿಗೆ ಮಾತ್ರ. ಹಾಳಾಗಬಾರದು ಅಂತ ಒಂದು ದಿನ ಹತ್ತಿದೆ. ಧೂಳು ಕೂರಬಾರದು ಅಂತ ಇನ್ನೊಂದು ದಿನ ಗುಡ್ಡದವರೆಗೆ ಹೋದೆ. ಈಗ ಭಾನುವಾರ ನಾನು ಹೋಗುತ್ತೇನೆ. ನಮ್ಮವರು ಅದೇ ಎರವಲು ಸೈಕಲ್ಲು ತುಳಿಯುತ್ತಾ ಹಿಂದೆ ಬರುತ್ತಾರೆ. ಮುಂದೆ ಮಾತ್ರ ಶಾಕ್ ಇರುವ ಸೈಕಲ್ಲು ತಂದು ಕಲ್ಲಿನ ಮೇಲೆ ಕಟಕಟ ಹಲ್ಲು ಕುಟ್ಟಿಕೊಂಡು ಇಳಿಯುವವರನ್ನು ಕಂಡರೆ ನನಗೆ ಅಯ್ಯೋ ಅನ್ನಿಸುತ್ತದೆ. ಮೊದಲೇ ಸ್ವಲ್ಪ ಓದಿಕೊಂಡು ತೆಗೆದುಕೊಳ್ಳಬಾರದೇ?

ಕಳೆದ ವಾರ ನಮ್ಮವರಿಗೆ ಬೂದು ಬಣ್ಣದ ಹೊಸ ಪ್ಯಾಂಟು ಹೊಲಿದೆ. ಟೇಪಪ್ಪನ ಟೇಪಿನಲ್ಲೇ, ಮೂರು ಸಲ ಹಿಡಿದು, ಮೂವತ್ತು ಅಂದರೆ ಮೂವತ್ತು ಇಂಚು. ಹೊಲಿದು ಬೀರುವಿನಲ್ಲಿಟ್ಟು, ವರಾಂಡದಲ್ಲಿ ಕೂತು ಹಿಂದಿನ ಶಾಕಿಗೆ ಪಂಪಿನಿಂದ ಗಾಳಿ ತುಂಬುತ್ತಿದ್ದೆ. ಸ್ಯಾಗ್ ಮೂವತ್ತೆರಡು ಪರ್ಸೆಂಟಿಗೆ ಬಂದಿತ್ತು, ಮೂವತ್ತಕ್ಕೆ ತರಬೇಕಿತ್ತು. ಆಗ ಅತ್ತೆ ಬಂದು ಏನೋ ಕೇಳಿದರು. ನಾನು ಗೇಜಿನ ಮುಳ್ಳು ನೋಡುತ್ತಲೇ ಮಾಡಿಕೊಟ್ಟೆ.

ಮಾರನೆಯ ದಿನ ಸಂಜೆ ನಮ್ಮವರು ಕಚೇರಿಯಿಂದ ಬಂದು ಬಾಗಿಲಲ್ಲಿ ನಿಂತರು. ಎರಡೂ ಕಾಲುಚೀಲ ಪೂರ್ತಿ ಕಾಣುತ್ತಿತ್ತು. ಅದರ ಮೇಲೆ ಒಂದಿಷ್ಟು ಕಾಲೂ ಕಾಣುತ್ತಿತ್ತು.

"ಏನೇ, ಟೇಪಪ್ಪ ದಾರೀಲಿ ನಿಲ್ಲಿಸಿ ಕೇಳ್ದ. ಟೇಪಿನ ಮೇಲಿರೋ ನಂಬರು ಓದೋದಕ್ಕೆ ಬರುತ್ತಾ ನಿಮ್ಮನೆಯವರಿಗೆ, ಇಲ್ಲಾಂದ್ರೆ ಬಂದು ಹೇಳಿಕೊಡ್ಲಾ ಅಂತ."

ನಾನು ಅತ್ತೆಯ ಕಡೆ ತಿರುಗಿದೆ.

"ಅಭ್ಯಾಸ ಕಣಮ್ಮ," ಅಂದರು ಅತ್ತೆ. "ಕೈ ತಾನಾಗೇ ಎರಡೂವರೆ ಇಂಚು ಮಡಿಸಿಬಿಡ್ತು. ಬೂದು ದಾರ ಪೋಣಿಸಿಕೊಟ್ಟವಳು ನೀನೇ ಅಲ್ವಾ?"