ಕಸಾಸುರನ ಹೊಟ್ಟೆ

ನನ್ನ ಕಣ್ಣು ತಪ್ಪಿಸಿ ನಮ್ಮ ಮನೆಯಿಂದ ಒಂದು ಖಾಲಿ ಕಡ್ಡಿಪೆಟ್ಟಿಗೆಯೂ ಹೊರಗೆ ಹೋಗದು! ಹೀಗೆಂದು ಊರಿಗೆಲ್ಲ ಎದೆ ತಟ್ಟಿಕೊಂಡು ಹೇಳುತ್ತಿದ್ದವನು ನಾನು. ನನ್ನ ವೃತ್ತಿ ಕೋಡಂಗಿ. ಕೆಂಪು ಮೂಗು, ಮೊಳದುದ್ದದ ಬೂಟು ಹಾಕಿಕೊಂಡು, ಮಕ್ಕಳುಮರಿ ಸಮೇತ ಬಂದು ಕೂತವರ ಮುಂದೆ ದಬದಬ ಬಿದ್ದು, ನೀರು ಉಳಿಸಿ, ಕಸ ವಿಂಗಡಿಸಿ, ಭೂಮಿ ಕಾಪಾಡಿ ಎಂದು ನಗಿಸುತ್ತಲೇ ಬುದ್ಧಿ ಹೇಳುವುದು ನಮ್ಮ ನಾಟಕ. ನಮ್ಮ ಅಂದರೆ ನನ್ನದು ಮತ್ತು ಹೆಂಡತಿಯದು. ನಾನು ಬೀಳುತ್ತೇನೆ. ಅವಳೂ ಕೋಡಂಗಿ ವೇಷದಲ್ಲೇ ರಂಗದ ಪಕ್ಕದಲ್ಲಿ ಕೂತು, ಬಿದ್ದಾಗೆಲ್ಲ ತಾಳ ಬಡಿಯುತ್ತಾಳೆ. ಝಣ್! ಆ ಝಣ್ ಇಲ್ಲದಿದ್ದರೆ ಅದು ಹಾಸ್ಯವಲ್ಲ, ಬರೀ ಒಬ್ಬ ಗಂಡಸು ಬಿದ್ದದ್ದು.

ಮನೆಯಲ್ಲಿ ನಾನು ಕೋಡಂಗಿಯಲ್ಲ, ಕಸದ ಡಬ್ಬಿಯ ಪೊಲೀಸು. ದಿನಾ ಬೆಳಿಗ್ಗೆ ಡಬ್ಬಿ ಮಗುಚಿ ಪಂಚನಾಮೆ ನಡೆಸುತ್ತೇನೆ.

"ಈ ಪ್ಲಾಸ್ಟಿಕ್ ಕವರ್ ಎಲ್ಲಿಂದ ಬಂತೇ? ಬಟ್ಟೆ ಚೀಲ ಏನು ರಜದ ಮೇಲೆ ಹೋಗಿತ್ತಾ?"

"ತಪ್ಪಾಯ್ತು ಸ್ವಾಮಿ."

ಈಚೆಗೆ ಅವಳು ತುಂಬಾ ಸೊರಗಿದ್ದಳು. ಕಾಣಲಿಲ್ಲವೆಂದಲ್ಲ, ಕಂಡಿತು. "ಅಂಗಿ ದೊಗಳೆ ಆಗಿದೆ, ಕೋಡಂಗಿಗೆ ಹಾಗೇ ಇರ್ಬೇಕು!" ಎಂದು ಮೆಚ್ಚಿಕೊಂಡೆ ಕೂಡ. ತಾಳ ಒಂದೆರಡು ಸಲ ತಡವಾದಾಗ ಗದರಿದ್ದೂ ನಾನೇ.

ನಾಟಕದ ಕೊನೆಗೆ ಕಸಾಸುರ ಬರುತ್ತಾನೆ. ಹಳೇ ಗೋಣಿಚೀಲಗಳಲ್ಲಿ ಅವಳೇ ಹೊಲಿದ ಆಳೆತ್ತರದ ಬೊಂಬೆ. ಹೊಟ್ಟೆಗೆ ಕಸ ತುಂಬುವವಳೂ ಅವಳೇ. ಆಸಾಮಿ ತಿಂಗಳು ತಿಂಗಳಿಗೂ ದಪ್ಪವಾಗುತ್ತಿದ್ದ. ನಾನು ಅವನ ಸುತ್ತ ಕುಣಿದು, ಮರದ ಕತ್ತಿ ಬೀಸಿ ಓಡಿಸುತ್ತಿದ್ದೆ, ಅಷ್ಟೇ. ಮೊನ್ನೆ ಭಾನುವಾರ ಶಾಲೆಯೊಂದರ ಸಭಾಂಗಣದಲ್ಲಿ, ಪರದೆಯ ಹಿಂದೆ ಮೂಗು ಅಂಟಿಸಿಕೊಳ್ಳುತ್ತಿದ್ದಾಗ ನನಗೊಂದು ಹೊಸ ಐಡಿಯಾ ಹೊಳೆಯಿತು.

"ಲೇ, ಇವತ್ತು ಇವನ ಹೊಟ್ಟೆ ಸೀಳ್ತೀನಿ! ಒಂದು ಮನೆ ಕಸ ಅಂದ್ರೆ ಎಷ್ಟು ಅಂತ ಜನ ಕಣ್ಣಾರೆ ನೋಡ್ಲಿ!"

ಅವಳ ಮುಖಕ್ಕೆ ಬಿಳಿ ಬಣ್ಣ ಬಳಿದಿತ್ತು. ಅದರ ಕೆಳಗೆ ಏನಾಯಿತೋ ನನಗೆ ಕಾಣಲಿಲ್ಲ.

"ಬೇಡ ರೀ. ಹೊಲಿಗೆ ಹಾಳಾಗುತ್ತೆ."

"ಮತ್ತೆ ಹೊಲಿದ್ರಾಯ್ತು."

"ಮತ್ತೆ ಹೊಲಿಯೋ ಶಕ್ತಿ ನಂಗಿಲ್ಲ."

"ನಾವೇ ಹೀಗೆ ಸೋಮಾರಿಗಳಾದ್ರೆ ಭೂಮಿ ಗತಿ ಏನೇ?" ಎಂದೆ. ಭೂಮಿಯ ಚಿಂತೆ ನನಗೆ ಅಷ್ಟಿತ್ತು!

ಸಭಾಂಗಣ ಕಿಕ್ಕಿರಿದಿತ್ತು. ಮರದ ಕತ್ತಿ ಬಿಸಾಕಿ, ಕತ್ತರಿ ಹಿಡಿದು ಕಸಾಸುರನ ಹೊಟ್ಟೆಯನ್ನು ಸರ್ರನೆ ಸೀಳಿದೆ. ಹಾಲಿನ ಕವರು, ಬಿಸ್ಕತ್ತಿನ ಕವರು ಬೀಳುತ್ತವೆಂದುಕೊಂಡಿದ್ದೆ. ಬಿದ್ದದ್ದು ಮಾತ್ರೆಯ ಖಾಲಿ ಶೀಟುಗಳು. ಒಂದಲ್ಲ, ಹತ್ತಲ್ಲ, ಬೊಗಸೆ ಬೊಗಸೆ! ನಡುನಡುವೆ ಆಸ್ಪತ್ರೆಯ ಚೀಟಿಗಳು. ಚೀಟಿಯ ಮೇಲಿನ ಹೆಸರು ಓದುವಷ್ಟು ವ್ಯವಧಾನ ಮಹಾನಟನಿಗೆ ಎಲ್ಲಿಯದು?

"ಅಯ್ಯಯ್ಯೋ, ಕಸಾಸುರನಿಗೆ ಕಾಯಿಲೆ!" ಎಂದು ಕಿರುಚಿದೆ. ಜನ ಬಿದ್ದು ಬಿದ್ದು ನಕ್ಕರು. ನನಗೆ ಹುರುಪೇರಿತು. ಶೀಟುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಇಷ್ಟೊಂದು ಮಾತ್ರೆ ನುಂಗಿದ ಮಹಾತಾಯಿ ಯಾರಮ್ಮಾ? ಕೈ ಎತ್ತಿ!" ಎಂದು ಕೂಗಿ ದಬ್ಬನೆ ಬಿದ್ದೆ.

ಝಣ್ ಬರಲಿಲ್ಲ.

ಮರೆತಳೇನೋ ಎಂದು ಎದ್ದು ಇನ್ನೊಮ್ಮೆ ಬಿದ್ದೆ. ಆಗಲೂ ಬರಲಿಲ್ಲ. ಸಿಟ್ಟಿನಿಂದ ತಿರುಗಿ ನೋಡಿದೆ. ತಾಳ ಅವಳ ಮಡಿಲಲ್ಲಿತ್ತು. ಅವಳು ಕೈ ಎತ್ತಿದ್ದಳು.

ಆ ದಿನದ ಅತಿ ದೊಡ್ಡ ನಗು ಬಂದದ್ದು ಅದಕ್ಕೆ.

ಉಳಿದ ನಾಟಕ ಹೇಗೆ ಮುಗಿಸಿದೆನೋ ದೇವರೇ ಬಲ್ಲ. ಪರದೆಯ ಹಿಂದೆ ಅವಳ ಮುಂದೆ ನಿಂತಾಗ ಮೂಗು ಕಿತ್ತಿಡುವುದೂ ಮರೆತುಹೋಗಿತ್ತು.

"ಎಷ್ಟು ದಿನದಿಂದ?"

"ಏಳು ತಿಂಗಳು. ಮಾತ್ರೆಗೆ ಬಗ್ತಾ ಇಲ್ವಂತೆ. ಬರೋ ವಾರ ಆಪರೇಷನ್ನು. ಆಮೇಲೆ ನೋಡೋಣ ಅಂದಿದ್ದಾರೆ."

"ಈ ಶೀಟೆಲ್ಲ ಇಲ್ಲಿ ಯಾಕೆ ತುಂಬಿದೆ?"

"ಮನೆ ಡಬ್ಬಿಗೆ ಹಾಕಿದ್ರೆ, ಇದು ಯಾವ ಜಾತಿ ಕಸ ಅಂತ ಪಾಠ ಶುರು ಮಾಡ್ತಿದ್ರಿ. ಕೇಳೋ ತ್ರಾಣ ಇರಲಿಲ್ಲ."

"ನಂಗೊಂದು ಮಾತು ಹೇಳೋದಲ್ವೇನೇ?" ನನ್ನ ಧ್ವನಿ ಏರಿತು. ತಪ್ಪು ಗಂಡನದಾದಾಗ ಮೊದಲು ಏರುವುದು ಧ್ವನಿಯೇ.

"ಹೇಳಿದ್ದೆ ರೀ, ಮೊದಲನೇ ದಿನಾನೇ. ಎದೇಲಿ ಗಡ್ಡೆ ಇದೆ, ಡಾಕ್ಟ್ರು ಟೆಸ್ಟ್ ಬರೆದುಕೊಟ್ಟಿದ್ದಾರೆ ಅಂತ. ನೀವು ಮೊಸರಿನ ಡಬ್ಬ ತೊಳೀತಾ ಇದ್ರಿ. ತಲೆ ಕೂಡ ಎತ್ತಲಿಲ್ಲ. ಕಾಗದ ದಂಡ ಮಾಡ್ಬೇಡ, ರಿಪೋರ್ಟು ಎರಡೂ ಕಡೆ ಪ್ರಿಂಟ್ ಮಾಡಿಸ್ಕೊ ಅಂದ್ರಿ. ಆಮೇಲೆ ಇನ್ನೊಂದು ಸಲ ಹೇಳೋ ಮನಸ್ಸಾಗಲಿಲ್ಲ."

ಸುಳ್ಳು, ನಾನು ಹಾಗಂದಿರಲಾರೆ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ತನ್ನ ಬಟ್ಟೆ ಚೀಲದಿಂದ ಮಡಿಸಿಟ್ಟಿದ್ದ ಹಾಳೆ ತೆಗೆದು ನನ್ನ ಕೈಗಿಟ್ಟಳು.

ಓದಿದೆ. ತಿರುವಿದೆ. ಎರಡೂ ಕಡೆ ಪ್ರಿಂಟಾಗಿತ್ತು.