ರಾಡ್ ನಾಲ್ಕು, ಕ್ಯಾಪ್ ನಾಲ್ಕು

‘ಜೂನ್ ಒಂಬತ್ತು, ಭಾನುವಾರ. ಹಾಲು ಎರಡು ಲೀಟರ್. ಅಡುಗೆಮನೆ ಕಟ್ಟೆಯ ಮೇಲೆ ಎಂಜಿನ್ನಿನ ತಲೆ ಇದೆ. ಕೇಳಿದ್ದಕ್ಕೆ, ಅಲ್ಲೇ ಬೆಳಕು ಚೆನ್ನಾಗಿದೆ ಅಂದಳು. ಚಪಾತಿಯನ್ನು ವಾಷಿಂಗ್ ಮೆಷಿನ್ ಮೇಲೆ ಲಟ್ಟಿಸಿದೆ.’

ನನ್ನ ಹಳೆಯ ಡೈರಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಇಳಿಸಿದ್ದೇನೆ. ನಮ್ಮ ಮನೆಯಲ್ಲಿ ಇಂಥದ್ದು ವಾರಕ್ಕೊಂದು ಆಗದಿದ್ದರೆ ಯಾರಿಗೋ ಹುಷಾರಿಲ್ಲ ಎಂದೇ ತಿಳಿಯಬೇಕು. ನಾನು ತುಮಕೂರಿನವಳು, ಆ ಕಾಲಕ್ಕೆ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದವಳು. ನಮ್ಮವರು ಬ್ಯಾಂಕಿನಲ್ಲಿದ್ದರು, ಮೂರು ವರ್ಷಕ್ಕೆಂದು ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದು ಇಲ್ಲೇ ನಿವೃತ್ತರಾದರು. ಮದುವೆಯಾದ ದಿನದಿಂದ ನಾನು ಡೈರಿ ಬರೆದಿದ್ದೇನೆ. ಮನೆಯಲ್ಲಿ ವಾದ ಹತ್ತಿದರೆ ಕೊನೆಗೆ ಎಲ್ಲರೂ ಹೇಳುವುದು ಒಂದೇ, ‘ಅಮ್ಮನ ಪುಸ್ತಕ ನೋಡಿ’. ಆ ಪುಸ್ತಕ ಇದುವರೆಗೆ ಸುಳ್ಳು ಹೇಳಿಲ್ಲ. ನಾನು ಹೇಳಿದ್ದೇನೆ, ಒಂದು ಸಲ. ಅದನ್ನು ಬರೆಯಲೆಂದೇ ಉಳಿದವನ್ನೂ ಬರೆಯುತ್ತಿದ್ದೇನೆ.

ಎಂಜಿನ್ನು ಮಗಳದು. ಅವಳು ಪರವಾಡದ ಒಂದು ಔಷಧ ಕಾರ್ಖಾನೆಯಲ್ಲಿ ಬಾಯ್ಲರು, ಪಂಪು ನೋಡಿಕೊಳ್ಳುವ ಎಂಜಿನಿಯರ್. ವರ್ಷದಲ್ಲಿ ಕೆಲವು ದಿನ ರೇಸ್ ಟ್ರ್ಯಾಕಿನವರು ನಮ್ಮಂಥವರಿಗೂ ಬಾಗಿಲು ತೆರೆಯುತ್ತಾರೆ. ಹಣ ಕಟ್ಟಿ ಅವರವರ ಕಾರನ್ನು ಅವರೇ ಓಡಿಸಬಹುದು. ಅದಕ್ಕೆಂದೇ ಅವಳೊಂದು ಹಳೆಯ ಕಾರು ಕೊಂಡಿದ್ದಳು, ಅದಕ್ಕೊಂದು ಹೈಬ್ರಿಡ್ ಎಂಜಿನ್ ಕಟ್ಟಲು ಹೊರಟಿದ್ದಳು. ಬ್ಯಾಟರಿಗೂ ಇದಕ್ಕೂ ಸಂಬಂಧವಿಲ್ಲ. ಒಂದೇ ಕಂಪನಿಯ ಎರಡು ಕಾರುಗಳಲ್ಲಿ ಒಂದರ ಕೆಳಗಿನ ಬ್ಲಾಕು ದೊಡ್ಡದು, ಇನ್ನೊಂದರ ಮೇಲಿನ ಹೆಡ್ಡು ಚುರುಕು. ಎರಡನ್ನೂ ಸೇರಿಸಿ ಒಂದು ಮಾಡುವುದು.

“ಇಷ್ಟು ಕಷ್ಟ ಯಾಕೆ? ಟರ್ಬೋ ಅಂತ ಏನೋ ಇದೆಯಲ್ಲ, ಅದನ್ನ ಹಾಕಿದರೆ ಆಗಲ್ವಾ?” ಎಂದರು ನಮ್ಮವರು.

“ಅದು ಬೇರೆಯವರು ಊದಿ ಓಡಿಸಿದ ಹಾಗೆ ಅಪ್ಪ. ನನ್ನ ಎಂಜಿನ್ನು ತನ್ನ ಉಸಿರು ತಾನೇ ಎಳೆದುಕೊಂಡು ಓಡಬೇಕು.”

ಇಷ್ಟೊಂದು ಬಿಂಕ ಯಾರಿಂದ ಬಂತು ಎಂದು ನಮ್ಮವರು ಕೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು.

ಕಿಟಕಿ ಪಕ್ಕದ ಸೀಟು

ಹೆಡ್ಡನ್ನು ವಿಜಯವಾಡದ ಆಟೋನಗರಕ್ಕೆ ಒಯ್ಯಬೇಕಿತ್ತು. ಅಲ್ಲೊಬ್ಬ ಲೇತ್ ಮೇಸ್ತ್ರಿ ಇದ್ದಾರೆ, ಅವರ ಕೈಗೆ ಕೊಟ್ಟರೆ ಮಾತ್ರ ನಿಶ್ಚಿಂತೆ ಎಂದು ಮಗಳಿಗೆ ಯಾರೋ ಹೇಳಿದ್ದರು. ಬ್ಲಾಕೂ ರಾಡುಗಳೂ ಮೊದಲೇ ಲಾರಿಯಲ್ಲಿ ಹೋಗಿದ್ದವು. ಹೆಡ್ಡನ್ನೂ ಹಾಗೆ ಹಾಕಿದರೆ ಗೀರು ಬೀಳುತ್ತದೆಂದು ನಾವು ಮೂವರೂ ರೈಲಿನಲ್ಲಿ ಹೊರಟೆವು. ಹದಿನೆಂಟು ಕಿಲೋ ತೂಕದ ಆ ವಸ್ತುವನ್ನು ನನ್ನ ಹಳೆಯ ಕೆಂಪು ರೇಷ್ಮೆ ಸೀರೆಯಲ್ಲಿ ಸುತ್ತಿ ಕಿಟಕಿ ಪಕ್ಕ ಕೂರಿಸಿದೆವು. ಆ ಸೀಟು ನಮ್ಮವರದು. ಅವರು ಬಾಗಿಲ ಹತ್ತಿರ ನಿಂತರು.

ಅನಕಾಪಲ್ಲಿಯಲ್ಲಿ ಹತ್ತಿದ ಒಬ್ಬ ಅಜ್ಜಿ ಎದುರು ಕೂತು ಗಂಟನ್ನೇ ನೋಡಿ, “ಏ ದೇವುಡಮ್ಮಾ?” ಎಂದರು. ಯಾವ ದೇವರು ಎಂದು ಕೇಳಿದರೆ ನಾನೇನು ಹೇಳಲಿ? ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಬಾಗಿಲಿನಿಂದ, “ಇನ್ನೂ ಪ್ರತಿಷ್ಠೆ ಆಗಿಲ್ಲ ಅಮ್ಮಾ” ಎಂದುಬಿಟ್ಟರು. ಅಜ್ಜಿ ಚಪ್ಪಲಿ ಕಳಚಿ ಕಾಲು ಮಡಿಸಿ ಕೂತರು. ಇಡೀ ಬೋಗಿಯಲ್ಲಿ ಆ ಗಂಟಿನ ಕಡೆ ಯಾರೂ ಕಾಲು ಚಾಚಲಿಲ್ಲ.

ಆಟೋನಗರದ ಶೆಡ್ಡಿನಲ್ಲಿ ಮೇಸ್ತ್ರಿ ಸೀರೆ ಬಿಚ್ಚಿದರು. ಸ್ಪಾರ್ಕ್ ಪ್ಲಗ್ ಹಾಕುವ ತೂತಿನಲ್ಲಿ ಎರಡು ಕನಕಾಂಬರ ಹೂ, ಒಂದು ಹತ್ತು ರೂಪಾಯಿ ನೋಟು. ಮೇಸ್ತ್ರಿ ನೋಟನ್ನು ತೆಗೆದು ನನ್ನ ಕೈಗಿಟ್ಟು, “ಇದು ನನ್ನ ಕೂಲಿಯಲ್ಲಿ ಸೇರುವುದಿಲ್ಲವಲ್ಲ ಅಮ್ಮಗಾರೂ?” ಎಂದರು.

ಬೆರಳು

ಮೇಸ್ತ್ರಿಗೆ ಅರವತ್ತರ ಹತ್ತಿರ ವಯಸ್ಸು. ಮಗಳು ತನ್ನ ಅಳತೆ ಸಾಮಾನಿನ ಪೆಟ್ಟಿಗೆ ತೆರೆಯುವುದರೊಳಗೆ ಅವರು ಕಿರುಬೆರಳನ್ನು ಬ್ಲಾಕಿನ ಸಿಲಿಂಡರಿನೊಳಗೆ ಒಂದು ಸುತ್ತು ತಿರುಗಿಸಿ, “ಕೆಳಗಡೆ ಕೂದಲೆಳೆಯಷ್ಟು ಅಗಲವಾಗಿದೆ” ಎಂದರು. ಮಗಳು ಗೇಜ್ ಹಾಕಿ ನೋಡಿದಳು. ಹಾಗೆಯೇ ಇತ್ತು.

ನನಗೆ ಈ ಪದ್ಧತಿ ಸರಿಬರಲಿಲ್ಲ. “ಇದನ್ನೆಲ್ಲ ಬರೆದಿಡುವುದಿಲ್ಲವೇ ನೀವು?”

“ಬರೆದರೆ ಮರೆತುಬಿಡುತ್ತೇನೆ ಅಮ್ಮಗಾರೂ.”

ಸರಿ, ಅವರ ಪರವಾಗಿ ನಾನೇ ಬರೆಯುತ್ತೇನೆಂದು ಡೈರಿ ತೆಗೆದು ಕೂತೆ. ಮಧ್ಯಾಹ್ನ ಅವರ ಮನೆಯಿಂದ ಊಟ ಬಂತು. ಗೋಂಗೂರ ಪಚ್ಚಡಿ, ಅಂದರೆ ನಮ್ಮ ಪುಂಡಿಸೊಪ್ಪಿನ ಚಟ್ನಿ, ಎಷ್ಟು ಚೆನ್ನಾಗಿತ್ತೆಂದರೆ ನಾನು ಅವರ ಹೆಂಡತಿಗೇ ಫೋನ್ ಮಾಡಿ ಮಾಡುವ ಕ್ರಮ ಬರೆದುಕೊಂಡೆ. ಅದೇ ಹೊತ್ತಿಗೆ ನನ್ನ ಬೆನ್ನ ಹಿಂದೆ ಇನ್ನೊಂದು ಮಾತು ನಡೆಯುತ್ತಿತ್ತು. ಮಗಳು ಎಷ್ಟೋ ದಿನದ ಮೇಲೆ ಹೇಳಿ ನನಗೆ ತಿಳಿದದ್ದು.

ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಜೋಡಿಸುವ ನಾಲ್ಕು ರಾಡುಗಳಿರುತ್ತವೆ. ಪ್ರತಿ ರಾಡಿನ ತುದಿಗೆ ಅರ್ಧಚಂದ್ರದಂಥ ಒಂದು ಕ್ಯಾಪು. ಎರಡನ್ನೂ ಜೋಡಿಸಿಯೇ ದುಂಡಗೆ ಕೊರೆಯುತ್ತಾರೆ. ಹಾಗಾಗಿ ಒಂದರ ಕ್ಯಾಪು ಇನ್ನೊಂದಕ್ಕೆ ಕೂತ ಹಾಗೆ ಕಂಡರೂ ತೂತು ದುಂಡಗಿರುವುದಿಲ್ಲ, ಓಡುವಾಗ ರಾಡು ಬಿಗಿಹಿಡಿಯುತ್ತದೆ. ಮೇಸ್ತ್ರಿ ಉಳಿಯಿಂದ ಚುಕ್ಕೆ ಹೊಡೆದು ಗುರುತು ಮಾಡುತ್ತೇನೆ ಎಂದರಂತೆ. ರೇಸಿನ ರಾಡಿಗೆ ಪೆಟ್ಟು ಬೀಳಬಾರದು, ಪೆನ್ನಿನಲ್ಲಿ ನಂಬರ್ ಬರೆಯಿರಿ ಎಂದಳಂತೆ ಮಗಳು. “ಹಾಗಾದರೆ ಜೋಡಿ ಮಾತ್ರ ತಪ್ಪಿಸಬೇಡಮ್ಮಾ” ಎಂದರಂತೆ ಅವರು.

ಆ ದಿನದ ನನ್ನ ಡೈರಿಯಲ್ಲಿ ಒಗ್ಗರಣೆಗೆ ಎಷ್ಟು ಒಣಮೆಣಸಿನಕಾಯಿ ಎಂಬುದು ಕೂಡ ಇದೆ. ರಾಡಿನ ವಿಷಯ ಇಲ್ಲ.

ಹೊಳಪು

ಮೂರು ವಾರದ ಮೇಲೆ ರಾಡುಗಳು ಬಸ್ ಪಾರ್ಸೆಲ್ಲಿನಲ್ಲಿ ಬಂದವು. ಮಗಳು ಕೆಲಸಕ್ಕೆ ಹೋಗಿದ್ದಳು. ಮಾರನೆಯ ದಿನ ವರಮಹಾಲಕ್ಷ್ಮಿ ಹಬ್ಬ. ನಾನು ಹಿತ್ತಾಳೆ ದೀಪಗಳನ್ನೆಲ್ಲ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. ಪಾರ್ಸೆಲ್ ತೆರೆದರೆ ಕಪ್ಪು ಎಣ್ಣೆ, ಲೋಹದ ಪುಡಿ. ಇಂಥದ್ದನ್ನು ಮನೆಯೊಳಗೆ ಹೇಗೆ ಇಟ್ಟುಕೊಳ್ಳುವುದು? ಹುಣಸೆಯ ಆಮ್ಲ ಲೋಹಕ್ಕೆ ಏನು ಮಾಡುತ್ತದೆಂದು ಓದಿದವಳು ನಾನು. ಮೊದಲು ಸೀಮೆಎಣ್ಣೆ, ಆಮೇಲೆ ಹುಣಸೆಹಣ್ಣು, ಬಿಸಿನೀರು, ಬಿಸಿಲು, ತುಕ್ಕು ಹಿಡಿಯದಂತೆ ಕೊಬ್ಬರಿ ಎಣ್ಣೆ. ಒಂದು ಹಂತವನ್ನೂ ಬಿಡಲಿಲ್ಲ.

ಕ್ಯಾಪುಗಳಿಗೆ ಮೇಸ್ತ್ರಿ, ಬರಿಗೈಯಲ್ಲೇ ತಿರುಗಿಸುವಷ್ಟು ಸಡಿಲವಾಗಿ ಬೋಲ್ಟ್ ಹಾಕಿ ಕಳಿಸಿದ್ದರು. ಅವನ್ನೂ ಬಿಚ್ಚಿದೆ. ಗ್ಯಾಸ್ಕೆಟ್ ತೆಗೆಯದೆ ಕುಕ್ಕರ್ ತೊಳೆಯುವ ಹೆಂಗಸು ನಾನಲ್ಲ.

ಎಲ್ಲ ಒಣಗಿದ ಮೇಲೆ ನೋಡಿದರೆ, ಅವುಗಳ ಮೇಲಿದ್ದ ಪೆನ್ನಿನ ನಂಬರುಗಳು ಒಂದೂ ಉಳಿದಿರಲಿಲ್ಲ. ಆದರೆ ಒಂದೇ ಅಚ್ಚಿನ ನಾಲ್ಕು ರಾಡು, ಒಂದೇ ಅಚ್ಚಿನ ನಾಲ್ಕು ಕ್ಯಾಪು. ಲೋಟಗಳಿಗೆ ನಂಬರ್ ಇರುತ್ತದೆಯೇ? ಮಲಗಿದ್ದ ಸಾಲಿನಲ್ಲೇ ಎರಡಕ್ಕೂ ಒಂದರಿಂದ ನಾಲ್ಕರವರೆಗೆ ಬರೆದು ಎರಡು ಸ್ಟೀಲ್ ಡಬ್ಬಿಗಳಲ್ಲಿಟ್ಟು ಚೀಟಿ ಅಂಟಿಸಿದೆ: ‘ರಾಡ್ ನಾಲ್ಕು’, ‘ಕ್ಯಾಪ್ ನಾಲ್ಕು’. ಡೈರಿಯಲ್ಲೂ ಬರೆದೆ, ‘ಸಂಖ್ಯೆ ಅಳಿಸಿತು. ನಾನೇ ಬರೆದೆ. ಅಂದವಾಗಿದೆ.’

ಮಗಳು ಬಂದು ಡಬ್ಬಿ ತೆರೆದಳು. “ಯಾಕಮ್ಮಾ ಬಿಚ್ಚಿದೆ?”

“ತೊಳೆಯೋದಕ್ಕೆ.”

“ಸದ್ಯ, ನಂಬರ್ ಇದೆ.” ಒಂದು ಕ್ಯಾಪನ್ನು ಬೆಳಕಿಗೆ ಹಿಡಿದು, “ಮೇಸ್ತ್ರಿಗಾರು ಓದಿಲ್ಲ ಅಂತಾರೆ, ಅಕ್ಷರ ನೋಡು ಎಷ್ಟು ಮುದ್ದಾಗಿದೆ!” ಎಂದಳು.

ಹೊಗಳಿಕೆ ನನ್ನದು. ಸುಮ್ಮನೆ ಒಳಗೆ ಇಟ್ಟುಕೊಂಡೆ.

ಹಡಗಿನ ಕಿವಿ

ಎಂಜಿನ್ ಕಟ್ಟುವಾಗ ಕೆಳಭಾಗ ತಿರುಗಲು ಸ್ವಲ್ಪ ಬಿಗಿಯಾಗಿತ್ತಂತೆ. ಹೊಸದು ಬಿಗಿಯಾಗೇ ಇರುತ್ತದೆ ಎಂದು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕೆಲಸ ಮಾಡಿದ ನಮ್ಮವರು ತೀರ್ಪು ಕೊಟ್ಟರು. ಒಂದು ಭಾನುವಾರ ಬೆಳಿಗ್ಗೆ ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಮೊದಲ ಸಲ ಸ್ಟಾರ್ಟ್ ಮಾಡಿದೆವು. ಐದೂ ಮಹಡಿಯವರು ಕೆಳಗಿಳಿದರು.

ಮೂರನೇ ಮಹಡಿಯಲ್ಲಿ ಹಡಗಿನ ಎಂಜಿನ್ ರೂಮಿನಲ್ಲಿ ದುಡಿದು ನಿವೃತ್ತರಾದವರೊಬ್ಬರಿದ್ದಾರೆ. ಲುಂಗಿಯಲ್ಲೇ ಬಂದು ಕಣ್ಣು ಮುಚ್ಚಿ ನಿಂತು ಕೇಳಿದರು. “ಕೆಳಗೆ ಏನೋ ತಟ್ಟುತ್ತಿದೆ. ಬಿಚ್ಚಿ ನೋಡಿ.”

“ಇದು ಹಡಗಲ್ಲ ಸಾರ್” ಎಂದೆ ನಾನು.

“ಅಮ್ಮಗಾರೂ, ಎಲ್ಲ ಎಂಜಿನ್ನೂ ನೋವಾದರೆ ಒಂದೇ ಥರ ನರಳುತ್ತವೆ.”

ಟ್ರ್ಯಾಕಿಗೆ ಹನ್ನೊಂದು ದಿನ ಉಳಿದಿತ್ತು. ಮಗಳು ನನ್ನ ಮುಖ ನೋಡಿದಳು. “ಎಲ್ಲ ಬರೆದಿಟ್ಟಿದ್ದೀಯಲ್ಲಮ್ಮ, ಎಲ್ಲ ಸರಿಯಾಗಿದೆ ತಾನೇ?” ಸರಿಯಾಗಿದೆ ಎಂದೆ. ಹಡಗಿನವರು ತಲೆಯಾಡಿಸಿ ಮೆಟ್ಟಿಲು ಹತ್ತಿದರು. ಅವರಿಗೆ ಕಿವಿ ಮಂದವಾಗಿದೆ ಎಂದು ನಾನೇ ನಾಲ್ಕು ಮನೆಗೆ ಹೇಳಿದೆ. ಅದು ಐದನೆಯ ಮನೆಗೂ ಹೋಗಿ, ಸಂಜೆಯೇ ಅವರ ಸೊಸೆ ಬಂದು ವಿಚಾರಿಸಿದಳು, “ಆಂಟಿ, ಒಳ್ಳೆಯ ಕಿವಿ ಡಾಕ್ಟರು ನಿಮಗೆ ಗೊತ್ತಂತೆ?”

ಪುಳಿಯೋಗರೆ

ಟ್ರ್ಯಾಕ್ ಇದ್ದದ್ದು ಚೆನ್ನೈಯ ಆಚೆ. ಕಾರು ಲಾರಿಯ ಮೇಲೆ, ನಾವು ರೈಲಿನಲ್ಲಿ. ನಲವತ್ತು ಜನಕ್ಕಾಗುವಷ್ಟು ಪುಳಿಯೋಗರೆ ಕಟ್ಟಿದ್ದೆ. ಕಾರು ತಪಾಸಣೆ ಮಾಡುವವರು ಎಂಜಿನ್ನಿನ ವಿವರ ಕೇಳಿದಾಗ ನಾನು ಡೈರಿ ಮುಂದಿಟ್ಟೆ. ಅವರು ಎರಡು ಪುಟ ತಿರುವಿ, “ಮೇಡಂ, ಇಲ್ಲಿ ನುಗ್ಗೇಕಾಯಿ ರೇಟೂ ಇದೆ” ಎಂದು ಸಹಿ ಹಾಕಿದರು.

ಮೊದಲ ಸುತ್ತು ಬಂತು, ಎರಡನೆಯದು ಬಂತು. ಅದರ ಸದ್ದು ಕೇಳಿ ನನ್ನ ಮೈ ಜುಮ್ಮೆಂದಿತು. ನನ್ನ ಮಗಳು! ಮೂರನೆಯದು ಬರಲಿಲ್ಲ. ಕಾಲು ಗಂಟೆಯ ಮೇಲೆ ಒಂದು ಟ್ರಕ್ಕು ಕಾರನ್ನು ಎಳೆದುಕೊಂಡು ಬಂತು. ಒಂದು ರಾಡು ಮುರಿದು ಬ್ಲಾಕಿನ ಪಕ್ಕದಲ್ಲಿ ಮುಷ್ಟಿ ತೂರುವಷ್ಟು ತೂತು ಮಾಡಿತ್ತು. ಮಗಳು ಹೆಲ್ಮೆಟ್ ತೆಗೆಯದೆಯೇ ಬಹಳ ಹೊತ್ತು ಕೂತಳು.

ಬೇರೆ ತಂಡದವರೆಲ್ಲ ಒಬ್ಬೊಬ್ಬರಾಗಿ ಬಂದು ಕೈ ಕಟ್ಟಿ ನಿಂತು, ಎಂಜಿನ್ನನ್ನು ಕೊನೆಯದಾಗಿ ನೋಡಿ, ‘ಹೇಗಾಯಿತು?’ ಎಂದು ಮೆಲ್ಲಗೆ ಕೇಳಿ, ತಟ್ಟೆ ಹಿಡಿದುಕೊಂಡು ಹೋದರು. ಒಂದು ಅಗುಳೂ ಉಳಿಯಲಿಲ್ಲ. ಖಾಲಿ ಡಬ್ಬ ನೋಡಿ ನಮ್ಮವರು, “ಹದಿಮೂರನೇ ದಿನದ್ದೂ ಇವತ್ತೇ ಮುಗಿಯಿತು” ಎಂದರು.

ಗೋಂಗೂರ

ಮನೆಗೆ ಬಂದು ಬಿಚ್ಚಿ, ಉಳಿದ ಜೋಡಿಗಳನ್ನು ಅಳೆದಾಗ ಮಗಳಿಗೆ ಗೊತ್ತಾಯಿತು: ಕ್ಯಾಪುಗಳು ಅದಲುಬದಲು. ಅವಳಿಗೆ ಸಿಟ್ಟು ಬಂದರೆ ಕನ್ನಡ ಹೋಗಿ ತೆಲುಗು ಬರುತ್ತದೆ. ಮೇಸ್ತ್ರಿಗೆ ಫೋನಿನಲ್ಲಿ ಹತ್ತು ನಿಮಿಷ ತೆಲುಗಿನಲ್ಲಿ ಸುರಿಸಿದಳು. ಸ್ಪೀಕರಿನಲ್ಲಿ ಅವರ ದನಿ ಕೇಳಿಸಿತು, “ನಂಬರ್ ಹಾಕುವಾಗ ಕಣ್ಣು ತಪ್ಪಿರಬಹುದಮ್ಮಾ. ವಯಸ್ಸಾಯಿತು.”

ನಾನು ಸೌಟು ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೆ. ಆ ಕ್ಷಣದಲ್ಲಿ ನನಗೆ ಎಲ್ಲವೂ ಗೊತ್ತಾಯಿತು.

“ಅಮ್ಮನ ಪುಸ್ತಕದಲ್ಲಿ ಏನಿದೆ ನೋಡೋಣ, ಆಟೋನಗರಕ್ಕೆ ಹೋದ ದಿನದ್ದು” ಎಂದರು ನಮ್ಮವರು.

“ಗೋಂಗೂರ ಇದೆ” ಎಂದೆ.

ಇಬ್ಬರೂ ನಕ್ಕರು. ನಾನೂ ನಕ್ಕೆ.

ಮರುದಿನ ಮೇಸ್ತ್ರಿ ತಮ್ಮ ಪೂರ್ತಿ ಕೂಲಿಯನ್ನು ಪಕ್ಕದ ಅಂಗಡಿಯವರ ಫೋನಿನಿಂದ ವಾಪಸ್ ಕಳಿಸಿದರು. ಮಗಳು ಕಾರು ಹುಚ್ಚಿನವರ ವಾಟ್ಸಾಪ್ ಗುಂಪಿನಲ್ಲಿ ಆ ಶೆಡ್ಡಿಗೆ ಹೋಗಬೇಡಿ ಎಂದು ಬರೆದಳು. ಎಂಟು ತಿಂಗಳು ನಾನು ದಿನವೂ ಡೈರಿ ಬರೆದೆ, ಹಾಲು, ತರಕಾರಿ, ಗ್ಯಾಸ್. ಈ ವಿಷಯ ಬರೆಯಲಿಲ್ಲ.

ಕಣ್ಣು

ಇನ್ನೊಂದು ಬ್ಲಾಕ್ ಸಿಕ್ಕಿತು. ಬೇರೆ ಶೆಡ್ಡಿಗೆ ಕೊಡುವ ಮೊದಲು ಹಳೆಯ ಅಳತೆಗಳು ಬೇಕೆಂದು ಮಗಳು ಡೈರಿ ಕೇಳಿದಳು. ಅವಳು ಹುಡುಕುವುದಕ್ಕೆ ಬಿಡಲಿಲ್ಲ. ಹಬ್ಬದ ಹಿಂದಿನ ದಿನದ ಪುಟವನ್ನು ನಾನೇ ತೆಗೆದು ಕೈಗೆ ಕೊಟ್ಟೆ.

ಅವಳು ತೆಲುಗಿನಲ್ಲಿ ಬೈಯಲಿ ಎಂದು ಕಾದೆ. ಬೈಯಲಿಲ್ಲ. ಪುಟವನ್ನು ಎರಡು ಸಲ ಓದಿ ಕನ್ನಡದಲ್ಲೇ ಹೇಳಿದಳು, “ಅವರಿಗೆ ನೀನೇ ಓದಿ ಹೇಳಬೇಕು ಅಮ್ಮ. ನಾನೂ ಬರ್ತೀನಿ, ನನ್ನದೂ ಇದೆ ಹೇಳೋದು.”

ಹೊಸ ಬ್ಲಾಕನ್ನೂ ಗಾಡಿಯಲ್ಲಿ ಹಾಕಿಕೊಂಡೇ ಆಟೋನಗರಕ್ಕೆ ಹೋದೆವು. ಮೇಸ್ತ್ರಿಯ ಶೆಡ್ಡಿನಲ್ಲಿ ಐದಾರು ಜನ ಗಿರಾಕಿಗಳಿದ್ದರು. ಆಮೇಲೆ ಬನ್ನಿ ಎಂದು ಯಾರಾದರೂ ಹೇಳಿದರೆ ವಾಪಸ್ ಹೋಗಿಬಿಡುತ್ತೇನೆಂದು ನನಗೆ ಗೊತ್ತಿತ್ತು. ಒಳಗೆ ಹೋದವಳೇ ನಿಂತುಕೊಂಡು ಓದಿದೆ, ಒಂದೊಂದು ವಾಕ್ಯಕ್ಕೂ ತೆಲುಗು ಹೇಳುತ್ತಾ. ಸೀಮೆಎಣ್ಣೆ, ಹುಣಸೆಹಣ್ಣು, ಸಂಖ್ಯೆ ಅಳಿಸಿತು, ನಾನೇ ಬರೆದೆ. ‘ಅಂದವಾಗಿದೆ’ ಎನ್ನುವುದನ್ನೂ ಬಿಡಲಿಲ್ಲ. ಮಗಳು ಮುಂದೆ ಬಂದು ಕೈ ಮುಗಿದಳು.

ಮೇಸ್ತ್ರಿ ಲೇತ್ ನಿಲ್ಲಿಸಿದರು. ಕಪ್ಪು ಕನ್ನಡಕ ತೆಗೆದು ನನ್ನನ್ನೂ ಪುಸ್ತಕವನ್ನೂ ನೋಡಿದರು.

“ಅಂದರೆ ತಪ್ಪು ನನ್ನ ಕಣ್ಣಿನದಲ್ಲ?”

“ಅಲ್ಲ.”

“ಅಯ್ಯೋ ಅಮ್ಮಗಾರೂ! ಎರಡು ಕಣ್ಣಿಗೂ ಪೊರೆಯ ಆಪರೇಷನ್ ಮಾಡಿಸಿಕೊಂಡೆನಲ್ಲಾ! ಡಾಕ್ಟರು ಇನ್ನೂ ಎರಡು ವರ್ಷ ತಡೆಯಬಹುದು ಎಂದರು. ನಾನೇ ಹಟ ಹಿಡಿದು ಮಾಡಿಸಿಕೊಂಡೆ.”

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. “ಈಗ... ಚೆನ್ನಾಗಿ ಕಾಣುತ್ತದೆಯೇ?”

“ಅದೇ ಕಷ್ಟವಾಗಿರುವುದು. ಈ ಶೆಡ್ಡು ಇಷ್ಟು ಗಲೀಜು ಎಂದು ನನಗೆ ಗೊತ್ತೇ ಇರಲಿಲ್ಲ. ಮನೆಗೆ ಹೋದರೆ ಬೇಳೆ ಪಪ್ಪಿನಲ್ಲಿ ಕೂದಲು ಕಾಣುತ್ತದೆ. ಕಂಡದ್ದನ್ನು ಹೇಳಿದೆ, ಹೆಂಡತಿ ಮಾತು ಬಿಟ್ಟು ತಿಂಗಳಾಯಿತು. ಎಷ್ಟು ಸುಖವಾಗಿದ್ದೆನಮ್ಮಾ ನಾನು!”

ಶೆಡ್ಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೇಸ್ತ್ರಿಯೂ ನಕ್ಕರು, ಕಣ್ಣು ಒರೆಸಿಕೊಂಡು ಮತ್ತೆ ಕನ್ನಡಕ ಹಾಕಿಕೊಂಡರು. ಹೊಸ ಬ್ಲಾಕನ್ನು ಅಲ್ಲೇ ಇಳಿಸಿದೆವು.

ಒಟ್ಟು ತಗುಲಿದ್ದು ಇಷ್ಟು. ಬ್ಲಾಕು, ಕ್ರ್ಯಾಂಕು, ರಾಡುಗಳು, ಬೇರಿಂಗುಗಳು ಸೇರಿ ಒಂದು ಲಕ್ಷ ಎಂಬತ್ತೆರಡು ಸಾವಿರ. ಮಗಳ ದುಡಿಮೆಯದು, ನಾನು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ಮೇಸ್ತ್ರಿ ವಾಪಸ್ ಕಳಿಸಿದ್ದ ಕೂಲಿಯನ್ನೂ ಆಪರೇಷನ್ನಿನ ಖರ್ಚನ್ನೂ ನಾನು ಕೊಟ್ಟೆ. ಕೂಲಿ ತೆಗೆದುಕೊಂಡರು, ಆಪರೇಷನ್ನಿನದು ಬೇಡವೆಂದರು. ಮಗಳು ಬರೆದದ್ದನ್ನು ಓದಿ ಆ ಶೆಡ್ಡು ಬಿಟ್ಟವರು ಇಬ್ಬರು. ಇಬ್ಬರಿಗೂ ನಾನೇ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಒಬ್ಬರು ಮತ್ತೆ ಹೋಗುತ್ತಿದ್ದಾರೆ. ಇನ್ನೊಬ್ಬರು ಆಗಲೇ ಬೇರೆ ಕಡೆ ಕೆಲಸ ಕೊಟ್ಟಾಗಿದೆ ಎಂದರು.